ಒನಕೆ ಕತ್ತರಿಸುವ ಮೊದಲು ಕಿಂಡಿ ನೋಡಿ

ಫ್ರೀ ಫೈರ್ ಆಡಿದ ಹುಡುಗರಿಗೆ ಕ್ರೋನೊ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. 2020ರ ಡಿಸೆಂಬರಿನಲ್ಲಿ ಫುಟ್‌ಬಾಲ್ ತಾರೆ ಕ್ರಿಸ್ಟಿಯಾನೊ ರೊನಾಲ್ಡೊನ ಹೋಲಿಕೆಯಲ್ಲಿ ಬಂದ ಪಾತ್ರವದು. ಗುಂಡು ತಡೆಯುವ ಗುಮ್ಮಟ ಎಬ್ಬಿಸಿಕೊಂಡು ಅದರೊಳಗಿಂದಲೇ ಎದುರಾಳಿಯನ್ನು ಹೊಡೆಯುತ್ತಿತ್ತು. ಆಡುವವರೆಲ್ಲ ಅದರ ಹಿಂದೆ ಬಿದ್ದ ಮೇಲೆ, 2021ರಲ್ಲಿ ಕಂಪನಿ ಕಂತುಕಂತಾಗಿ ಅದರ ಬಲ ಕತ್ತರಿಸಿತು. ಅದರ ಕೈಲಿ ಸೋತು ಸುಣ್ಣವಾಗಿದ್ದವರು ಸಿಳ್ಳೆ ಹೊಡೆದರು, ದುಡ್ಡು ಕೊಟ್ಟು ಡೈಮಂಡ್ ಎಂಬ ಆಟದ ನಾಣ್ಯ ಹಾಕಿಸಿ ಅದನ್ನು ಕೊಂಡಿದ್ದವರು ಹಲ್ಲು ಕಡಿದರು.

ಹೀಗೆ ಪಾತ್ರಗಳ ಬಲವನ್ನು ಏರಿಸಿ ಇಳಿಸುವ ಕೆಲಸ ಬಹಳಷ್ಟು ಆನ್‌ಲೈನ್ ಆಟಗಳಲ್ಲಿ ಇದೆ. ಅದು ಎಷ್ಟು ದಿನಕ್ಕೊಮ್ಮೆ ಆಗಬೇಕು? ಲೀಗ್ ಆಫ್ ಲೆಜೆಂಡ್ಸ್ ಹೆಚ್ಚುಕಡಿಮೆ ಎರಡು ವಾರಕ್ಕೊಂದು ಪ್ಯಾಚ್, ಅಂದರೆ ತಿದ್ದುಪಡಿ, ಬಿಡುತ್ತದೆ. ಅಲ್ಲಿ 160ಕ್ಕೂ ಹೆಚ್ಚು ಪಾತ್ರಗಳಿವೆ. ಒಂದನ್ನು ಇಳಿಸಿದರೆ ಇನ್ನೊಂದು ತಲೆ ಎತ್ತುತ್ತದೆ, ರಿಪೇರಿ ಮುಗಿಯುವುದೇ ಇಲ್ಲ. ಡೋಟಾ 2 ಕೂಡ 2018ರಲ್ಲಿ ಎರಡು ವಾರದ ಲೆಕ್ಕ ಹಿಡಿದು ನೋಡಿತು, ವರ್ಷ ತುಂಬುವ ಮೊದಲೇ ಕೈಬಿಟ್ಟಿತು.

ಎರಡು ವಾರ ಯಾರಿಗೆ ಸಾಕು? ದಿನಕ್ಕೆ ಎಂಟು ಗಂಟೆ ಆಡುವ ವೃತ್ತಿಪರನಿಗೆ ಅಷ್ಟರಲ್ಲಿ 112 ಗಂಟೆ ಅಭ್ಯಾಸ ಸಿಗುತ್ತದೆ. ಹೊಸದುರ್ಗದ ಹಳ್ಳಿಯಲ್ಲಿ ಅಪ್ಪ ಹೊಲದಿಂದ ಬಂದ ಮೇಲೆ ಅವನ ಫೋನು ಇಸಿದುಕೊಂಡು ಒಂದು ಗಂಟೆ ಆಡುವವನಿಗೆ ಸಿಗುವುದು 14 ಗಂಟೆ. ಹೊಳಲ್ಕೆರೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅದೂ ಇಲ್ಲ. ಹಿರಿಯೂರಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ದುಡಿಯುವವನಿಗೆ ಭಾನುವಾರವೊಂದೇ ಬಿಡುವು. ಅವನು ಫೋನ್ ತೆರೆಯುವ ಹೊತ್ತಿಗೆ ಅಪ್‌ಡೇಟ್ ಕಾದು ಕೂತಿರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವನಿಗೆ ಅದನ್ನು ಇಳಿಸಿಕೊಳ್ಳುವುದರಲ್ಲೇ ಭಾನುವಾರದ ಡೇಟಾ ಖಾಲಿ. ಇಳಿಸಿಕೊಂಡ ಮೇಲೆ ನೋಡಿದರೆ ಕಳೆದ ತಿಂಗಳು ಕಷ್ಟಪಟ್ಟು ಕಲಿತ ವರಸೆ ಕೆಲಸಕ್ಕೆ ಬಾರದು. ಆಟಕ್ಕೆ ನ್ಯಾಯ ತರಲೆಂದು ಮಾಡಿದ ಬದಲಾವಣೆಯಿಂದ ಬಿಡುವಿದ್ದವನು ಇನ್ನಷ್ಟು ಮುಂದೆ ಹೋಗುತ್ತಾನೆ.

ಹಾಗೆಂದು ಪಾತ್ರಗಳನ್ನು ಮುಟ್ಟದೆ ಬಿಟ್ಟರೆ ಆಟ ಕೊಳೆಯುವುದಿಲ್ಲವೇ? ಸ್ಟಾರ್‌ಕ್ರಾಫ್ಟ್ ಬ್ರೂಡ್ ವಾರ್ ಎಂಬ ಹಳೆಯ ಯುದ್ಧದಾಟ ಇದಕ್ಕೆ ಉತ್ತರ ಕೊಟ್ಟಿದೆ. ಅದರ ಮೂರು ಪಂಗಡಗಳ ಬಲಾಬಲವನ್ನು ಕಂಪನಿ ಕೊನೆಯ ಸಲ ತಿದ್ದಿದ್ದು 2001ರಲ್ಲಿ. ಆಮೇಲೂ ದಕ್ಷಿಣ ಕೊರಿಯಾದಲ್ಲಿ ವೃತ್ತಿಪರ ಪಂದ್ಯಗಳು ವರ್ಷಗಟ್ಟಲೆ ನಡೆದವು. ಒಂದು ಪಂಗಡದ ಕೈ ಮೇಲಾದಾಗ ಅಲ್ಲಿನ ಆಯೋಜಕರು ಸೈನಿಕನ ಬಲಕ್ಕೆ ಕೈ ಹಾಕಲಿಲ್ಲ. ಮ್ಯಾಪ್ ಬದಲಿಸಿದರು. ದಾರಿ ಕಿರಿದಾಯಿತು, ದಿಬ್ಬ ಜಾಗ ಬದಲಿಸಿತು, ಗಣಿ ದೂರ ಸರಿಯಿತು. ಆಟಗಾರ ಕಲಿತದ್ದು ಅವನ ಬಳಿಯೇ ಉಳಿಯಿತು. ಅದನ್ನು ಹೊಸ ನೆಲದಲ್ಲಿ ಹೇಗೆ ಹೂಡುವುದು ಎಂಬುದಷ್ಟೇ ಹೊಸ ಪ್ರಶ್ನೆಯಾಯಿತು.

ಚಿತ್ರದುರ್ಗದವರಿಗೆ ಇದು ತಿಳಿಯದ ಮಾತಲ್ಲ. ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಶತ್ರುಗಳನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ ಓಬವ್ವನ ಕೈಲಿದ್ದದ್ದು ಅಡುಗೆಮನೆಯ ಒನಕೆ. ಬಯಲಿನಲ್ಲಿ ಹೈದರ್ ಅಲಿಯ ಸೈನಿಕರ ಕತ್ತಿಯೆದುರು ಅದು ಎಷ್ಟು ಹೊತ್ತು ನಿಂತೀತು? ಆದರೆ ಕಿಂಡಿಯಲ್ಲಿ ಒಬ್ಬನೇ, ಅದೂ ತಲೆ ಮುಂದೆ ಮಾಡಿಕೊಂಡೇ ನುಸುಳಬೇಕಿತ್ತು. ಅವಳ ಧೈರ್ಯಕ್ಕೆ ಆ ಕಲ್ಲುಸಂದು ಜೊತೆಯಾಯಿತು. ಇವತ್ತಿನ ಆಟದ ಕಂಪನಿಗೆ ಈ ಅಂಕಿಅಂಶ ಸಿಕ್ಕರೆ, ಸತ್ತವರನ್ನು ಎಣಿಸಿ, ಮುಂದಿನ ಗುರುವಾರವೇ ಒನಕೆಯ ಉದ್ದ ಕಡಿಮೆ ಮಾಡಿಬಿಡುತ್ತದೆ. ಕಿಂಡಿ ಹಾಗೇ ಇರುತ್ತದೆ. ಮುಂದೆ ಅಲ್ಲಿ ಸೌಟು ಹಿಡಿದು ನಿಂತವರೂ ಗೆಲ್ಲುತ್ತಾರೆ, ಆಗ ಸೌಟಿಗೂ ಕತ್ತರಿ.

ಆದ್ದರಿಂದ ನನ್ನ ವಾದ ಇಷ್ಟು. ಆಟವನ್ನೇ ಕೆಡಿಸುವ ದೋಷವಿದ್ದರೆ ಆ ದಿನವೇ ತಿದ್ದಲಿ, ಅದಕ್ಕೆ ಮುಹೂರ್ತ ಬೇಡ. ಬಲಾಬಲದ ಬದಲಾವಣೆ ರ‍್ಯಾಂಕ್ ಸೀಸನ್ನಿಗೆ ಒಂದೇ ಸಲ, ಸೀಸನ್ನಿನ ಮೊದಲ ದಿನ ಮಾತ್ರ ಬರಲಿ. ಏನು ಬದಲಾಗುತ್ತದೆಂದು ಎರಡು ವಾರ ಮೊದಲೇ ಹೇಳಲಿ. ಪಾತ್ರದ ಸ್ವಭಾವವನ್ನೇ ತಿರುಗಿಸುವ ದೊಡ್ಡ ರಿಪೇರಿ ವರ್ಷಕ್ಕೊಮ್ಮೆ ಸಾಕು. ಅದಕ್ಕೂ ಮೊದಲು ಮ್ಯಾಪ್ ಬದಲಿಸಿ ನೋಡಲಿ. ಹಣ ಕೊಟ್ಟು ಕೊಂಡ ಪಾತ್ರವನ್ನು ಇಳಿಸಿದರೆ ಕೊಂಡವನ ಡೈಮಂಡ್ ವಾಪಸು ಕೊಡಲಿ.

ಕೊನೆಯದು ಕಂಪನಿಗಳಿಗೆ ಹಿಡಿಸದು, ಆದರೆ ಅತಿ ಮುಖ್ಯವಾದದ್ದು ಅದೇ. ಹೊಸ ಪಾತ್ರವನ್ನು ಬಲವಾಗಿ ತಂದು, ಮಾರಾಟ ಮುಗಿದ ಮೇಲೆ ಇಳಿಸಿದರೆ ಅದು ಸಮತೋಲನವೋ ವ್ಯಾಪಾರವೋ ಎಂದು ಆಟಗಾರ ಹೇಗೆ ತಿಳಿದಾನು? ಇಳಿಸಿದಾಗಲೆಲ್ಲ ಹಣ ಹಿಂದಿರುಗಿಸಬೇಕು ಎಂದಾದರೆ, ಪಾತ್ರವನ್ನು ಬಿಡುವ ಮೊದಲೇ ಕಂಪನಿ ಹತ್ತು ಸಲ ಪರೀಕ್ಷಿಸುತ್ತದೆ. ಆಗ ಎಷ್ಟು ದಿನಕ್ಕೊಮ್ಮೆ ತಿದ್ದಬೇಕು ಎಂಬ ತಕರಾರಿನಲ್ಲಿ ಅರ್ಧ ತಾನಾಗಿಯೇ ತೀರುತ್ತದೆ.