ನೋಡಿ ಕಲಿತ ಕೈ

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವುದನ್ನು ಯಾವ ಪುಸ್ತಕವೂ ಕಲಿಸಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತ ಮಗಳು ನೋಡಿ ಕಲಿತಳು. ಅಥಣಿಯ ಚಪ್ಪಲಿ ಕೆಲಸಗಾರನ ಮಗನೂ ತಂದೆಯ ಕೈಯನ್ನು ನೋಡುತ್ತಲೇ ಕೆಲಸಗಾರನಾದನು. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಹೊಲಗಳಲ್ಲಿ ಕಬ್ಬು ಕಡಿಯುವ ಹದವೂ ಕಣ್ಣಿನಿಂದಲೇ ಕೈಗೆ ಇಳಿದುದು.

ಕೈಯನ್ನೇ ನಂಬಿದ ಇಂಥ ಮನೆಯಲ್ಲಿ ಒಬ್ಬರಿಗೆ ಲಕ್ವಾ ಹೊಡೆದು ಬಲಗೈ ಬಿದ್ದರೆ ಮನೆಯ ಗಳಿಕೆಯೇ ಬಿದ್ದಂತೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಆಗುವ ಆಘಾತವಿದು. ಕೆಟ್ಟಿರುವುದು ಕೈಯಲ್ಲ, ಕೈಗೆ ಆಜ್ಞೆ ಕೊಡುವ ಮಿದುಳಿನ ಭಾಗ. ಹಾಗಾದರೆ ಒಮ್ಮೆ ನೋಡಿ ಕಲಿತ ಕೈ ಮತ್ತೊಮ್ಮೆ ನೋಡಿ ಕಲಿಯಲಾರದೆ?

ಈ ಪ್ರಶ್ನೆಗೆ ಒಂದು ಸುಳುಹು ದೊರೆತುದು ಇಟಲಿಯ ಪಾರ್ಮಾ ನಗರದಲ್ಲಿ. ಜಿಯಾಕೊಮೊ ರಿಜೊಲಾಟ್ಟಿ ಮತ್ತು ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಕಂಡ ಒಂದು ವಿಚಿತ್ರವನ್ನು 1992ರಲ್ಲಿ ಪ್ರಕಟಿಸಿದರು. ಕೋತಿ ತಾನೇ ತಿನಿಸನ್ನು ಹಿಡಿದಾಗ ಚುರುಕಾಗುತ್ತಿದ್ದ ಕೆಲವು ನರಕೋಶಗಳು, ಎದುರಿನ ಮನುಷ್ಯನು ಅದನ್ನು ಹಿಡಿದುದನ್ನು ಕೋತಿ ಸುಮ್ಮನೆ ನೋಡಿದಾಗಲೂ ಚುರುಕಾಗುತ್ತಿದ್ದವು! ಇವುಗಳಿಗೆ ‘ಕನ್ನಡಿ ನರಕೋಶ’ಗಳೆಂಬ ಹೆಸರು ಬಂದಿತು.

ಇತ್ತ ಚಿಕಿತ್ಸೆಗೆ ಒದಗಿದುದು ನಿಜವಾದ ಕನ್ನಡಿಯೇ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅವರು ಕೈ ಕಳೆದುಕೊಂಡವರನ್ನು ಬಾಧಿಸುವ ‘ಇಲ್ಲದ ಕೈಯ’ ನೋವಿಗೆ ಕನ್ನಡಿಯನ್ನು ಬಳಸಿದ್ದರು. ಅವರೂ ಅವರ ಸಂಗಡಿಗರೂ ಅದನ್ನೇ ಲಕ್ವಾ ಹೊಡೆದ 9 ಮಂದಿಯಲ್ಲಿ ಪರೀಕ್ಷಿಸಿ 1999ರಲ್ಲಿ ವರದಿ ಮಾಡಿದರು. ಕ್ರಮ ಸರಳವಾದುದು. ಎರಡು ತೋಳುಗಳ ನಡುವೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸುವರು. ಸೋತ ಕೈ ಅದರ ಹಿಂದೆ ಮರೆಯಾಗುವುದು. ಗಟ್ಟಿಯಾದ ಕೈಯ ಪ್ರತಿಬಿಂಬವು ಸೋತ ಕೈಯೇ ಆಡುತ್ತಿರುವಂತೆ ತೋರುವುದು. ರೋಗಿಯು ಅದನ್ನು ನೋಡುತ್ತ, ಮರೆಯಲ್ಲಿರುವ ಕೈಯನ್ನೂ ಹಾಗೆಯೇ ಆಡಿಸಲು ಯತ್ನಿಸಬೇಕು.

ಒಟ್ಟು 1,982 ಮಂದಿ ಭಾಗವಹಿಸಿದ 62 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ತೂಗಿ ನೋಡಲಾಯಿತು. ಕೈಕಾಲಿನ ಚಲನೆಯೂ ನಿತ್ಯದ ಕೆಲಸಗಳೂ ಇದರಿಂದ ಸುಧಾರಿಸಬಲ್ಲವೆಂದು ಕಂಡುಬಂದಿತು. ಆದರೆ ಆ ಉಪಕಾರ ಕನ್ನಡಿ ನರಕೋಶಗಳದೇ ಹೌದೆ ಎಂಬ ವಿಷಯದಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ. ಕನ್ನಡಿಯು ಉಳಿದ ವ್ಯಾಯಾಮಗಳಿಗೆ ಜೊತೆಗಾರನೇ ಹೊರತು ಅವುಗಳ ಬದಲಿಯಲ್ಲ.

ಮನೆಯವರು ಪ್ರೀತಿಯಿಂದಲೇ ರೋಗಿಯ ಬಾಯಿಗೆ ತುತ್ತಿಡುವರು, ಅಂಗಿಯ ಗುಂಡಿಯನ್ನು ತಾವೇ ಹಾಕುವರು. ಎಲ್ಲವನ್ನೂ ಹೀಗೆ ಮಾಡಿಕೊಟ್ಟರೆ ಕೈಗೆ ಕಲಿಯುವ ಅವಕಾಶವೇ ತಪ್ಪುವುದು. ಬಲ್ಲ ಚಿಕಿತ್ಸಕರಿಂದ ಕ್ರಮವನ್ನು ತಿಳಿದುಕೊಂಡು, ದಿನವೂ ಸ್ವಲ್ಪ ಹೊತ್ತು ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು ಹೆಚ್ಚಿನ ಸೇವೆ. ಬೀಡಿಯ ಎಲೆಯನ್ನು ಮಡಿಸುತ್ತಿದ್ದ ಬೆರಳುಗಳು ಮೊದಲು ರೊಟ್ಟಿಯ ಚೂರೊಂದನ್ನು ಮುರಿಯಲು ಕಲಿಯಲಿ.