ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದೇ ಪರಿಹಾರವೇ? ಅಮೆರಿಕದ ‘ಮಾನವಿ’, ‘ಸಖಿ’, ‘ಮೈತ್ರಿ’ ಸಂಸ್ಥೆಗಳ ಅನುಭವ

ವಧು-ವರರ ಸಮಾವೇಶಗಳಲ್ಲಿ ಹಂಚುವ ಪರಿಚಯ ಪತ್ರಗಳಲ್ಲಿ ಗೋತ್ರ, ವಿದ್ಯಾಭ್ಯಾಸ, ಉದ್ಯೋಗ, ಸಂಬಳ ಎಲ್ಲವೂ ಇರುತ್ತವೆ. ವರ ಅಮೆರಿಕದಲ್ಲಿದ್ದರೆ ಊರು ಮತ್ತು ಕಂಪನಿಯ ಹೆಸರೂ ಸೇರುತ್ತದೆ. ಹುಡುಗಿಯ ಮನೆಯವರು ಮನೆತನ ವಿಚಾರಿಸುತ್ತಾರೆ, ಆಹಾರ ಪದ್ಧತಿ ವಿಚಾರಿಸುತ್ತಾರೆ, ಅಲ್ಲಿ ಹತ್ತಿರದಲ್ಲಿ ಜಿನಮಂದಿರ ಇದೆಯೇ ಎಂದೂ ಕೇಳುತ್ತಾರೆ. ಮದುವೆಯ ನಂತರ ಮಗಳು ಆ ದೇಶದಲ್ಲಿ ಯಾವ ವೀಸಾದ ಮೇಲೆ ಇರುತ್ತಾಳೆ, ಆ ವೀಸಾ ಯಾರನ್ನು ಅವಲಂಬಿಸಿದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಪತ್ನಿಗೆ ಸಿಗುವುದು ಎಚ್-4. ಅದು ಗಂಡನ ವೀಸಾದ ನೆರಳು. ಆತನ ಉದ್ಯೋಗ ಹೋದರೆ ಅದೂ ಹೋಗುತ್ತದೆ, ವಿಚ್ಛೇದನವಾದರೂ ಹೋಗುತ್ತದೆ. 2015ರವರೆಗೆ ಎಚ್-4 ಇದ್ದವರು ಅಲ್ಲಿ ದುಡಿಯುವಂತೆಯೇ ಇರಲಿಲ್ಲ. ಆ ವರ್ಷ ಬಂದ ನಿಯಮದಿಂದ ಕೆಲವರಿಗೆ ಅನುಮತಿ ಸಿಕ್ಕಿತಾದರೂ, ಅದಕ್ಕೆ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿರಬೇಕು. ಇಲ್ಲಿ ಎಂಜಿನಿಯರಿಂಗ್ ಓದಿ ಸ್ವಂತ ಸಂಬಳ ಎಣಿಸುತ್ತಿದ್ದ ಹುಡುಗಿ ಅಲ್ಲಿ ತರಕಾರಿ ತರಲೂ ಕೈಚಾಚಬೇಕಾದ ಸ್ಥಿತಿ ಹೀಗೆ ಹುಟ್ಟುತ್ತದೆ. ಗಂಡ ಒಳ್ಳೆಯವನಾಗಿದ್ದರೆ ಇದೊಂದು ಅನಾನುಕೂಲ, ಅಷ್ಟೆ. ಅಲ್ಲದಿದ್ದರೆ “ನಾಳೆಯೇ ಊರಿಗೆ ಕಳಿಸಿಬಿಡುತ್ತೇನೆ” ಎಂಬ ಒಂದೇ ಮಾತು ಸಾಕು.

ಇಂತಹ ಮನೆಗಳ ಬಾಗಿಲಾಚೆ ನಡೆಯುವುದನ್ನು ನಾಲ್ಕು ದಶಕಗಳಿಂದ ಕೇಳಿಸಿಕೊಳ್ಳುತ್ತಾ ಬಂದವರು ಅಲ್ಲಿನ ದಕ್ಷಿಣ ಏಷ್ಯಾ ಮೂಲದ ಮಹಿಳೆಯರೇ ಕಟ್ಟಿದ ಸೇವಾ ಸಂಸ್ಥೆಗಳು. 1985ರಲ್ಲಿ ನ್ಯೂಜೆರ್ಸಿಯಲ್ಲಿ ಕೆಲವೇ ಮಹಿಳೆಯರು ಸೇರಿ ‘ಮಾನವಿ’ಯನ್ನು ಆರಂಭಿಸಿದರು. ಅಮೆರಿಕದಲ್ಲಿ ಈ ಬಗೆಯ ಮೊದಲ ಸಂಸ್ಥೆ ಅದು. 1989ರಲ್ಲಿ ನ್ಯೂಯಾರ್ಕಿನಲ್ಲಿ ‘ಸಖಿ’, ಅದೇ ಹೊತ್ತಿಗೆ ಶಿಕಾಗೋದಲ್ಲಿ ‘ಅಪ್ನಾ ಘರ್’, 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ‘ಮೈತ್ರಿ’, ನಂತರದ ವರ್ಷಗಳಲ್ಲಿ ಅಟ್ಲಾಂಟಾದ ‘ರಕ್ಷಾ’, ಹ್ಯೂಸ್ಟನ್ನಿನ ‘ದಯಾ’ ಹುಟ್ಟಿದವು. ಹೆಸರುಗಳನ್ನು ಗಮನಿಸಿದರೆ ಸಾಕು, ಇವು ಯಾರಿಗಾಗಿ ಇವೆ ಎಂಬುದು ತಿಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಸ್ನಾನದ ಮನೆಯಿಂದ ಪಿಸುಮಾತಿನಲ್ಲಿ ಫೋನ್ ಮಾಡುವವಳಿಗೆ ಪರಿಚಿತವಾದ ಒಂದು ಶಬ್ದ ಬೇಕಿತ್ತು.

ಅಮೆರಿಕದಲ್ಲಿ ಆಶ್ರಯಧಾಮಗಳು ಮೊದಲೂ ಇದ್ದವು. ಆದರೆ ಅತ್ತೆ ಸೊಸೆಯ ಒಡವೆಯನ್ನು ತನ್ನ ಲಾಕರಿನಲ್ಲಿ ಇಟ್ಟುಕೊಳ್ಳುವುದು ಯಾಕೆ ಹಿಂಸೆ ಎಂದು ಅಲ್ಲಿನ ಕಾರ್ಯಕರ್ತೆಗೆ ಬಿಡಿಸಿ ಹೇಳಬೇಕಿತ್ತು. ಕೂಡು ಕುಟುಂಬದಲ್ಲಿ ಹೊಡೆಯುವವನು ಗಂಡನೊಬ್ಬನೇ ಆಗಿರಬೇಕಿಲ್ಲ ಎಂಬುದನ್ನೂ ಹೇಳಬೇಕಿತ್ತು. ಊಟದ ಸಂಗತಿ ಸಣ್ಣದೆನಿಸಬಹುದು. ಆದರೆ ಮೊಟ್ಟೆ, ಮಾಂಸ ಮುಟ್ಟದ, ಸೂರ್ಯಾಸ್ತದ ಬಳಿಕ ಉಣ್ಣದ ಶ್ರಾವಿಕೆಯೊಬ್ಬಳು ಅಪರಿಚಿತ ಆಶ್ರಯಧಾಮದಲ್ಲಿ ಎರಡು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಳೆದು ಮೂರನೆಯ ದಿನ ಹೊಡೆಯುವ ಮನೆಗೇ ಮರಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ‘ಮಾನವಿ’ 1997ರಲ್ಲಿ ತನ್ನದೇ ‘ಆಶಿಯಾನಾ’ ಎಂಬ ವಸತಿಯನ್ನು ತೆರೆದದ್ದು ಇಂತಹ ಕೊರತೆಯನ್ನು ತುಂಬಲು.

ಈ ಸಂಸ್ಥೆಗಳಿಗೆ ಸಮುದಾಯದಿಂದ ಮೊದಲು ದೊರೆತದ್ದು ಸನ್ಮಾನವಲ್ಲ. ಮನೆ ಒಡೆಯುವವರು, ಭಾರತೀಯರ ಮರ್ಯಾದೆ ಕಳೆಯುವವರು ಎಂಬ ಮಾತು ಕೇಳಬೇಕಾಯಿತು. 1990ರ ದಶಕದಲ್ಲಿ ನ್ಯೂಯಾರ್ಕಿನ ಭಾರತ ದಿನದ ಮೆರವಣಿಗೆಯಲ್ಲಿ ‘ಸಖಿ’ಗೆ ಸ್ಥಾನ ನಿರಾಕರಿಸಿದ ಪ್ರಸಂಗವೂ ನಡೆಯಿತು. ಇಂದು ಅದೇ ಸಮುದಾಯದ ಉದ್ಯಮಿಗಳು ಈ ಸಂಸ್ಥೆಗಳ ವಾರ್ಷಿಕ ಭೋಜನಕೂಟಕ್ಕೆ ಟಿಕೆಟು ಕೊಳ್ಳುತ್ತಾರೆ. ‘ಮೈತ್ರಿ’ಯಂತೂ ದಾನವಾಗಿ ಬಂದ ಸೀರೆ, ಸಲ್ವಾರ್, ಒಡವೆಗಳನ್ನು ಸ್ವಯಂಸೇವಕಿಯರ ಕೈಯಲ್ಲಿ ಮಾರಿಸಿ ಕೆಲಸಕ್ಕೆ ಹಣ ಕೂಡಿಸುವ ಅಂಗಡಿಯನ್ನೇ ನಡೆಸಿದೆ. ಹಣ ಕೊಡುವಷ್ಟು ಒಪ್ಪಿಗೆ ಬಂದಿದೆ. ತಮ್ಮದೇ ಬಂಧುಗಳ ಮನೆಯ ವಿಷಯ ಬಂದಾಗ ಆ ಒಪ್ಪಿಗೆ ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಜೈನ ಸಮಾಜಕ್ಕೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಉತ್ತರ ಅಮೆರಿಕದ ಜೈನ ಸಂಘಗಳು 1981ರಿಂದ ‘ಜೈನಾ’ ಒಕ್ಕೂಟದಡಿ ಸಂಘಟಿತವಾಗಿವೆ. ಅಲ್ಲಿನ ಜೈನರಲ್ಲಿ ಗುಜರಾತಿ ಮೂಲದವರೇ ಹೆಚ್ಚು. ಕನ್ನಡ ಮಾತಾಡುವ ದಿಗಂಬರರು ಅವರ ನಡುವೆ ಬೆರಳೆಣಿಕೆಯವರು. ದಶಲಕ್ಷಣ ಪರ್ವಕ್ಕೆ ಸೇರುವವರೂ ಅವರೇ, ಕನ್ನಡ ಕೂಟದ ಯುಗಾದಿಗೆ ಬರುವವರೂ ಅವರೇ, ಊರಿನಲ್ಲಿ ಎರಡೂ ಮನೆಗಳಿಗೆ ನೆಂಟರೂ ಅವರೇ. ಅಲ್ಲಿ ಹೇಳಿದ ಮಾತು ಬೆಳಗಾಗುವುದರೊಳಗೆ ಬೆಳಗಾವಿಗೋ ಮೂಡುಬಿದಿರೆಗೋ ತಲುಪುತ್ತದೆ. ಅಪರಿಚಿತ ನಗರದಲ್ಲಿ ಸ್ವಂತ ಜನ ಸಿಗುವುದು ದೊಡ್ಡ ಸಮಾಧಾನ ನಿಜ, ಗುಟ್ಟು ಹೇಳಿಕೊಳ್ಳಲು ಮಾತ್ರ ಅದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಹೇಗೋ ಧೈರ್ಯಮಾಡಿ ಹೇಳಿಕೊಂಡರೆ ಏನಾಗುತ್ತದೆ? ಹಿರಿಯರೊಬ್ಬರು ಗಂಡನಿಗೆ ಫೋನ್ ಮಾಡುತ್ತಾರೆ. ಭಾನುವಾರ ಇಬ್ಬರನ್ನೂ ಮನೆಗೆ ಕರೆದು ಚಹಾ ಕೊಟ್ಟು ಎದುರುಬದುರು ಕೂರಿಸುತ್ತಾರೆ. “ನಿನ್ನದೂ ಸ್ವಲ್ಪ ತಪ್ಪಿದೆಯಮ್ಮಾ, ನೀನೂ ಸ್ವಲ್ಪ ತಗ್ಗು” ಎನ್ನುತ್ತಾರೆ. ಉತ್ತಮ ಕ್ಷಮೆ ಹತ್ತು ಧರ್ಮಗಳಲ್ಲಿ ಮೊದಲನೆಯದು ಎಂಬುದನ್ನೂ ಆಕೆಗೇ ನೆನಪಿಸುತ್ತಾರೆ. ಗಂಡ ತಲೆತಗ್ಗಿಸಿ ಒಪ್ಪಿಕೊಳ್ಳುತ್ತಾನೆ. ಕಾರಿನ ಬಾಗಿಲು ಮುಚ್ಚಿದ ಮೇಲೆ ಆಕೆ ಹೇಳಿಕೊಂಡದ್ದಕ್ಕೇ ಶಿಕ್ಷೆ ಶುರುವಾಗುತ್ತದೆ. ಎದುರಿಗೆ ಕೂತು ಹೊಡೆತದ ವಿವರ ಹೇಳಲು ಆಕೆಗೆ ಆಗುವುದಿಲ್ಲ. ಎಷ್ಟು ಜನಕ್ಕೆ ತಿಳಿದಿದೆ, ಆಕೆಗೆ ಯಾರ ಬೆಂಬಲವಿದೆ ಎಂಬುದನ್ನು ಆತ ಮಾತ್ರ ಆ ಒಂದು ಗಂಟೆಯಲ್ಲಿ ಪೂರ್ತಿ ಅರಿತುಕೊಂಡಿರುತ್ತಾನೆ. ಹಿರಿಯರ ಉದ್ದೇಶದಲ್ಲಿ ದೋಷವಿಲ್ಲ. ಆಸ್ತಿ ಜಗಳಕ್ಕೆ ಸಲ್ಲುವ ಪಂಚಾಯ್ತಿಯ ಕ್ರಮವನ್ನು ಅದಕ್ಕೆ ಸಲ್ಲದ ಕಡೆ ಬಳಸುವುದು ದೋಷ.

ಸಖಿ, ಮೈತ್ರಿಯಂತಹ ಸಂಸ್ಥೆಗಳ ಕೆಲಸ ಇದಕ್ಕೆ ನೇರ ವಿರುದ್ಧ ದಿಕ್ಕಿನಿಂದ ಆರಂಭವಾಗುತ್ತದೆ. ಮೊದಲು ಆಕೆಯೊಬ್ಬಳ ಮಾತನ್ನೇ ಕೇಳುತ್ತಾರೆ. ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ. ಗಂಡನಿಗಾಗಲಿ, ತವರಿಗಾಗಲಿ, ಸಂಘದವರಿಗಾಗಲಿ ವಿಷಯ ಹೋಗುವುದಿಲ್ಲ. ಮನೆ ಬಿಡು ಎಂದಾಗಲಿ, ಹೊಂದಿಕೊಂಡು ಇರು ಎಂದಾಗಲಿ ಹೇಳುವುದಿಲ್ಲ. ಆಪತ್ತು ಬಂದರೆ ಯಾವ ಬಾಗಿಲಿನಿಂದ ಹೊರಬೀಳಬೇಕು, ಪಾಸ್‌ಪೋರ್ಟು ಮತ್ತು ಮಗುವಿನ ಜನನ ಪ್ರಮಾಣಪತ್ರ ಎಲ್ಲಿರಬೇಕು, 911ಕ್ಕೆ ಕರೆ ಮಾಡಿದಾಗ ಏನು ಹೇಳಬೇಕು ಎಂಬುದನ್ನು ಆಕೆಯೊಡನೆ ಕೂತು ಯೋಚಿಸುತ್ತಾರೆ. ಬೇಕೆಂದರೆ ವಕೀಲರನ್ನು ಹುಡುಕಿಕೊಡುತ್ತಾರೆ, ನ್ಯಾಯಾಲಯಕ್ಕೆ ಜೊತೆಯಲ್ಲಿ ಹೋಗುತ್ತಾರೆ, ರಕ್ಷಣಾ ಆದೇಶದ ಅರ್ಜಿ ಬರೆಯಲು ನೆರವಾಗುತ್ತಾರೆ.

ವೀಸಾದ ಕಾನೂನು ತಿಳಿದವರು ಪಕ್ಕದಲ್ಲಿರುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ. 1994ರಲ್ಲಿ ಅಮೆರಿಕ ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ತಂದ ಕಾಯಿದೆಯ ಪ್ರಕಾರ ಗಂಡ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಹೊಂದಿದವನೋ ಆಗಿದ್ದರೆ, ಹಿಂಸೆಗೊಳಗಾದ ಪತ್ನಿ ಆತನಿಗೆ ತಿಳಿಸದೆ ತಾನೇ ಗ್ರೀನ್ ಕಾರ್ಡಿನ ದಾರಿ ಹಿಡಿಯಬಹುದು. ಗಂಡ ಎಚ್-1ಬಿಯಲ್ಲಿದ್ದರೆ ಆ ದಾರಿ ಇಲ್ಲ. ಅಂತಹವರಿಗೆ 2000ದ ಕಾನೂನಿನಲ್ಲಿ ಬಂದ ‘ಯು’ ವೀಸಾ ಒಂದು ಆಸರೆ. ಅಪರಾಧದ ತನಿಖೆಗೆ ಸಹಕರಿಸಿದವರಿಗೆ ಅದು ಸಿಗುತ್ತದೆ. ಆದರೆ ವರ್ಷಕ್ಕೆ 10,000 ಮಾತ್ರ, ಸರದಿ ಹಲವು ವರ್ಷಗಳದ್ದು. ಹಿಂಸೆಗೊಳಗಾದ ಎಚ್-4 ಪತ್ನಿಯರಿಗೆ ಕೆಲಸದ ಪರವಾನಗಿ ಕೊಡಬೇಕೆಂದು 2005ರ ತಿದ್ದುಪಡಿ ಹೇಳಿತ್ತು. ಅದು ಜಾರಿಗೆ ಬಂದದ್ದು 2017ರಲ್ಲಿ. ಇದೆಲ್ಲ ಭಾನುವಾರದ ಚಹಾದ ಹಿರಿಯರಿಗೆ ತಿಳಿದಿರಲು ಸಾಧ್ಯವಿಲ್ಲ, ತಿಳಿದಿರಬೇಕೆಂದೂ ಇಲ್ಲ. ತಿಳಿದವರ ಫೋನ್ ಸಂಖ್ಯೆ ಅವರ ಬಳಿ ಇದ್ದರೆ ಆಯಿತು.

ಆದರೆ ಇಬ್ಬರನ್ನೂ ಸಮಾನವಾಗಿ ಕಾಣುವುದೇ ಧರ್ಮ, ಒಂದು ಪಕ್ಷ ಹಿಡಿಯುವುದು ಸಲ್ಲದು ಎಂಬ ಭಾವನೆ ಸಮಾಜದಲ್ಲಿ ಗಟ್ಟಿಯಾಗಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ನಾಲ್ಕು ಭಾವನೆಗಳಲ್ಲಿ ಮಾಧ್ಯಸ್ಥ್ಯವೂ ಒಂದು ಎಂಬುದು ನಿಜ. ಆದರೆ ಅಲ್ಲಿ ಯಾವ ಭಾವನೆ ಯಾರಲ್ಲಿ ಎಂಬುದೂ ಸ್ಪಷ್ಟವಾಗಿದೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ. ಮಾಧ್ಯಸ್ಥ್ಯ ಇರುವುದು ತಿದ್ದಲಾಗದ ಅವಿನೀತರ ವಿಷಯದಲ್ಲಿ, ಅವರ ಮೇಲೂ ದ್ವೇಷ ಬೇಡವೆಂದು. ಏಟು ತಿಂದವಳಿಗೂ ಏಟು ಕೊಟ್ಟವನಿಗೂ ನಡುವೆ ಸಮದೂರದಲ್ಲಿ ನಿಲ್ಲಿರಿ ಎಂದು ಅಲ್ಲಿ ಹೇಳಿಲ್ಲ.

“ಅವನೇನು ಹೊಡೆದಿಲ್ಲವಲ್ಲ” ಎಂಬ ಸಮಾಧಾನಕ್ಕೂ ಅದೇ ಅಧ್ಯಾಯದಲ್ಲಿ ಉತ್ತರವಿದೆ. ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವ್ಯಾಖ್ಯಾನಗಳಲ್ಲಿ ಇವನ್ನು ಹೆಚ್ಚಾಗಿ ದನಕರುಗಳ ಉದಾಹರಣೆಯಿಂದ ವಿವರಿಸುವುದುಂಟು. ಹೊಡೆಯುವುದು ಐದರಲ್ಲಿ ಒಂದು ಮಾತ್ರ. ಹೊರಗೆ ಹೋಗದಂತೆ ಕಟ್ಟಿಹಾಕುವುದು, ಹೊರಲಾರದಷ್ಟು ಹೊರಿಸುವುದು, ಊಟಕ್ಕೆ ತಡೆಯೊಡ್ಡುವುದು ಕೂಡ ಅದೇ ಸಾಲಿನವು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯೂ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ದೌರ್ಜನ್ಯದ ಬಗೆಗಳನ್ನು ಗುರುತಿಸಿದೆ. ಇವುಗಳಲ್ಲಿ ಲೈಂಗಿಕ ಹಿಂಸೆಯ ಮಾತು ಹಿರಿಯರ ಮುಂದೆ ಎಂದೂ ಬಾಯಿಗೆ ಬರುವುದಿಲ್ಲ. ತಾಯಿಯ ಮುಂದೆಯೂ ಬರುವುದು ಅಪರೂಪ.

ಇದನ್ನು ಅಮೆರಿಕದ ಸಮಸ್ಯೆ ಎಂದು ಇಲ್ಲಿನವರು ಬದಿಗಿಡುವಂತಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ 29.3, ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ್ದು ಶೇ 20.6 ಇತ್ತು. ಹಿಂಸೆ ಅಷ್ಟು ಏರಿತೋ, ಹೇಳುವ ಧೈರ್ಯ ಏರಿತೋ ಎಂಬ ಚರ್ಚೆ ಇದ್ದೇ ಇದೆ. ಚರ್ಚೆಗೆ ಆಸ್ಪದವಿಲ್ಲದ ಇನ್ನೊಂದು ಅಂಶವೂ ಆ ಸಮೀಕ್ಷೆಯಲ್ಲಿದೆ: ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೊಳಗಾದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಅವರು ಹೆಚ್ಚಾಗಿ ಕೇಳಿದ್ದು ಪೊಲೀಸರನ್ನೋ ವಕೀಲರನ್ನೋ ಅಲ್ಲ, ತವರಿನವರನ್ನು.

ಹಾಗಾಗಿ ಸಾವಿರಾರು ಮೈಲಿ ದೂರದ ಪ್ರಕರಣದಲ್ಲೂ ಮೊದಲ ಸಹಾಯವಾಣಿ ಇಲ್ಲಿನ ಮನೆಯೇ. “ಹೊಂದಿಕೊಂಡು ಹೋಗು, ತಂಗಿಯ ಮದುವೆ ಇದೆ” ಎಂಬ ಉತ್ತರ ಒಮ್ಮೆ ಬಂದರೆ ಎರಡನೆಯ ಸಲ ಆಕೆ ಹೇಳುವುದಿಲ್ಲ. ವಿಡಿಯೊ ಕರೆಯಲ್ಲಿ ಪಕ್ಕದಲ್ಲಿ ಗಂಡ ಕೂತಿರುವಾಗ ಚೆನ್ನಾಗಿದ್ದೀಯಾ ಎಂದು ಕೇಳಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ. ಒಬ್ಬಳೇ ಇರುವಾಗ ಮಾತಾಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಕರ್ನಾಟಕದಲ್ಲಿ ಇರುವವರಿಗೆ ಮಹಿಳಾ ಸಹಾಯವಾಣಿ 181, ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳು, ಜಿಲ್ಲೆಗಳಲ್ಲಿನ ಸಖಿ ಕೇಂದ್ರಗಳು ಇವೆ.

ಕೊನೆಯದಾಗಿ, ರಜೆಯೆಂದು ಊರಿಗೆ ಕರೆತಂದು ಪತ್ನಿಯನ್ನು ತವರಿನಲ್ಲಿ ಬಿಟ್ಟು, ಪಾಸ್‌ಪೋರ್ಟು ತೆಗೆದುಕೊಂಡು ಒಬ್ಬನೇ ಹಿಂದಿರುಗುವ ಪ್ರಕರಣಗಳು. ಕೆಲ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯದ ನೋಟಿಸು ಬರುತ್ತದೆ. ಮನೆಯವರು ಅವಮಾನವೆಂದು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ; ಅಲ್ಲಿ ಏಕಪಕ್ಷೀಯವಾಗಿ ವಿಚ್ಛೇದನ ಮುಗಿದುಹೋಗುತ್ತದೆ. ಜೈನರ ಮದುವೆಗಳಿಗೂ 1955ರ ಹಿಂದೂ ವಿವಾಹ ಕಾಯಿದೆ ಅನ್ವಯಿಸುತ್ತದೆ. ಆ ಕಾಯಿದೆಯಡಿ ಮದುವೆಯಾದವರಿಗೆ, ಪತ್ನಿ ಸ್ವಇಚ್ಛೆಯಿಂದ ಒಪ್ಪಿಕೊಳ್ಳದ ವಿದೇಶಿ ನ್ಯಾಯಾಲಯ ಆ ಕಾಯಿದೆಯಲ್ಲಿಲ್ಲದ ಕಾರಣಕ್ಕೆ ಕೊಟ್ಟ ವಿಚ್ಛೇದನ ಭಾರತದಲ್ಲಿ ಮಾನ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ವೈ. ನರಸಿಂಹರಾವ್ ಪ್ರಕರಣದಲ್ಲಿ ಹೇಳಿದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ವಿವಾಹ ದೂರುಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ನೋಟಿಸು ಬಂದ ವಾರದಲ್ಲೇ ವಕೀಲರ ಬಳಿ ಹೋಗಬೇಕು. ಹೋಗುವಾಗ ಕೈಯಲ್ಲಿ ಮಗಳ ಪಾಸ್‌ಪೋರ್ಟು, ವೀಸಾ, ಮದುವೆ ನೋಂದಣಿ ಪತ್ರ ಮತ್ತು ಸ್ತ್ರೀಧನದ ಪಟ್ಟಿಯ ಪ್ರತಿಗಳಿರಬೇಕು. ಅವನ್ನು ಮಾಡಿಸಿಟ್ಟುಕೊಳ್ಳಬೇಕಾದದ್ದು ಮದುವೆಯ ತಿಂಗಳಲ್ಲಿ, ವಿಮಾನ ಹತ್ತುವ ಮೊದಲು.