45ಕ್ಕೆ ಶುರು ಮಾಡಿದ್ರು ಅಂತ ಚಪ್ಪಾಳೆ ತಟ್ಟೋದು ಸಾಕು

1/6
"ಬರೀಬೇಕು ಅಂತ ಆಸೆ ಇದೆ, ಆದ್ರೆ ಮೋಟಿವೇಶನ್ನೇ ಬರ್ತಿಲ್ಲ."

ಹೋದ ವಾರ ತ್ರಿವೇಣಿಯವರ ಪುಸ್ತಕಗಳ ಫೋಟೊ ಹಾಕಿದ ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಇದೇ. ಮೋಟಿವೇಶನ್ ಅಂದ್ರೆ ಕರೆಂಟ್ ಇದ್ದ ಹಾಗೆ, ಎಲ್ಲೋ ಹೋಗಿದೆ, ಲೈನ್‌ಮನ್ ಬಂದು ಫ್ಯೂಸ್ ಹಾಕಿದ್ರೆ ಲೈಟ್ ಹತ್ತುತ್ತೆ ಅನ್ನೋ ಥರ ಕೇಳ್ತೀರಿ. ಇದಕ್ಕೆ ಉತ್ತರ ಅಂತ ಎಲ್ಲರೂ ಒಂದು ಕಥೆ ಫಾರ್ವರ್ಡ್ ಮಾಡ್ತಾರೆ. ಎಂ.ಕೆ. ಇಂದಿರಾ ಅವರದ್ದು. ಹಿಂದೆ ಕೊಳಲಿನ ಮ್ಯೂಸಿಕ್, ಮೇಲೆ ಹಳದಿ ಅಕ್ಷರ. 45ನೇ ವಯಸ್ಸಿಗೆ ಕಾದಂಬರಿ ಬರೆಯೋಕೆ ಶುರು ಮಾಡಿದ್ರು, ಐವತ್ತರ ಹತ್ತಿರ ಕಾದಂಬರಿ ಬರೆದ್ರು, ಇನ್ನೂ ಲೇಟಾಗಿಲ್ಲ, ನೀವೂ ಮಾಡಬಹುದು!

ಕಥೆ ನಿಜ. ಅದನ್ನ ಹೇಳೋ ರೀತಿ ಮಾತ್ರ ನಂಗೆ ಒಂಚೂರೂ ಹಿಡಿಸಲ್ಲ. ಯಾಕೆ ಅಂತ ಈ ಸಲದ ಆರು ಪೋಸ್ಟುಗಳಲ್ಲಿ ಬರ್ದಿದೀನಿ. ಉದ್ದ ಇದೆ, ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

2/6
ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಸ್ವಂತ ಊರು ನರಸಿಂಹರಾಜಪುರ, ಎಲ್ಲರೂ ಎನ್.ಆರ್. ಪುರ ಅಂತಾರಲ್ಲ, ಅದೇ. ಶಾಲೆಗೆ ಹೋಗಿದ್ದು ಏಳು ವರ್ಷ. ಹನ್ನೆರಡಕ್ಕೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರಾ' ಪುಸ್ತಕವಾಗಿ ಬಂದದ್ದು 1963ರಲ್ಲಿ.

ಹನ್ನೆರಡಕ್ಕೂ ನಲವತ್ತೈದಕ್ಕೂ ನಡುವೆ 33 ವರ್ಷ ಇದೆ. ರೀಲ್‌ನಲ್ಲಿ ಅದು ಒಂದು ಕಟ್ ಅಷ್ಟೆ, ಒಂದು ಫೋಟೊ ಹೋಗಿ ಇನ್ನೊಂದು ಬರುತ್ತೆ. ನಮ್ಮ ಕ್ಲಾಸಲ್ಲಿ ಯಾರೊಬ್ಬರೂ ಇನ್ನೂ 33 ವರ್ಷ ಬದುಕೇ ಇಲ್ಲ, ಯೋಚನೆ ಮಾಡಿ. ಆ ವರ್ಷಗಳಲ್ಲಿ ಅವರ ತಲೆ ಖಾಲಿ ಇರಲಿಲ್ಲ. ಕನ್ನಡ ಕಾವ್ಯ ಓದಿಕೊಂಡಿದ್ರು, ಹಿಂದಿ ಸಾಹಿತ್ಯ ಚೆನ್ನಾಗಿ ಗೊತ್ತಿತ್ತು. ಮಲೆನಾಡಿನ ಕೂಡುಕುಟುಂಬಗಳಲ್ಲಿ ಅಡುಗೆಮನೆಯಿಂದ ಹೊರಗೆ ಬರದ ಮಾತುಗಳೆಲ್ಲ ಕಿವಿಯಲ್ಲಿದ್ದವು. ಅವು ಆಮೇಲೆ ಕಾದಂಬರಿಗಳಲ್ಲಿ ಒಂದೊಂದಾಗಿ ಆಚೆ ಬಂದವು. ಹಾಗಾದ್ರೆ ಆ 33 ವರ್ಷ ಅವರಿಗೆ 'ಮೋಟಿವೇಶನ್ ಬಂದಿರಲಿಲ್ಲ' ಅನ್ನೋಣವಾ? ನಂಗಂತೂ ಬಾಯಿ ಬರಲ್ಲ.

ಪಕ್ಕದಲ್ಲಿ ತ್ರಿವೇಣಿಯವರನ್ನ ಇಟ್ಟು ನೋಡಿ. ಅನಸೂಯಾ ಶಂಕರ್ ಅಂತ ನಿಜವಾದ ಹೆಸರು. 1928ರಲ್ಲಿ ಹುಟ್ಟಿದ್ದು, ಅಂದ್ರೆ ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಬಿ.ಎಂ.ಶ್ರೀ. ಅವರ ಮನೆತನ, ಅಂದ್ರೆ ಪುಸ್ತಕದ ವಾಸನೆ ಇರೋ ಮನೆತನ. ಮೈಸೂರಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದ್ರು. ಗಂಡ ಇಂಗ್ಲಿಷ್ ಅಧ್ಯಾಪಕರು. ಹತ್ತೇ ವರ್ಷದಲ್ಲಿ ಸುಮಾರು 20 ಕಾದಂಬರಿ ಬರೆದು, 35 ತುಂಬೋ ಮೊದಲೇ, 1963ರ ಜುಲೈನಲ್ಲಿ ತೀರಿಕೊಂಡರು. 'ಶರಪಂಜರ', 'ಬೆಳ್ಳಿಮೋಡ' ಅಂದ್ರೆ ನಿಮಗೆ ಪುಟ್ಟಣ್ಣ ಕಣಗಾಲ್ ಸಿನಿಮಾ ನೆನಪಾಗುತ್ತೆ. ಅವೆರಡೂ ಮೊದಲು ತ್ರಿವೇಣಿಯವರ ಕಾದಂಬರಿಗಳು.

ಇಬ್ಬರೂ ಹಳೇ ಮೈಸೂರು ಸೀಮೆಯವರೇ, ಇಬ್ಬರೂ ಬರೆದದ್ದು ಹೆಂಗಸರ ಒಳಗಿನ ಕಷ್ಟವನ್ನೇ. ಒಬ್ಬರು 34ಕ್ಕೆ ಬರೆದು ಮುಗಿಸಿ ಹೊರಟೇಹೋದ್ರು, ಇನ್ನೊಬ್ಬರು ಆ ವಯಸ್ಸಲ್ಲಿ ಇನ್ನೂ ಶುರುವೇ ಮಾಡಿರಲಿಲ್ಲ. ಒಬ್ಬರಿಗೆ ಜಾಸ್ತಿ ಛಲ ಇತ್ತು, ಇನ್ನೊಬ್ಬರಿಗೆ ಕಡಿಮೆ ಇತ್ತು ಅನ್ನೋದನ್ನ ನಾನು ಒಪ್ಪಲ್ಲ. ಒಬ್ಬರನ್ನ ಕಾಲೇಜಿಗೆ ಕಳಿಸಿದ್ರು, ಇನ್ನೊಬ್ಬರನ್ನ ಹನ್ನೆರಡಕ್ಕೇ ಗಂಡನ ಮನೆಗೆ ಕಳಿಸಿದ್ರು. ಇಷ್ಟು ಸರಳವಾಗಿ ಹೇಳಿದ್ರೆ ಮೇಷ್ಟ್ರುಗಳು ಬೈಬಹುದು, ಪರ್ವಾಗಿಲ್ಲ.

3/6
ಇಂದಿರಾ ಅವರನ್ನ ಕಾದಂಬರಿ ಬರೆಯೋಕೆ ಹುರಿದುಂಬಿಸಿದವರು ಇದೇ ತ್ರಿವೇಣಿ. ರೀಲುಗಳಲ್ಲಿ ಈ ವಿಷಯ ಕಾಣಲ್ಲ. ಯಾಕಂದ್ರೆ ಇನ್ನೊಬ್ಬರು ಬಂದ ಕೂಡಲೇ 'ಒಬ್ಬಂಟಿ ಹೋರಾಟ' ಅನ್ನೋ ಕಥೆ ಕೆಡುತ್ತೆ ನೋಡಿ.

ನಮ್ಮಲ್ಲಿ ಹಿರಿಯರು ಕಿರಿಯರ ಬೆನ್ನು ತಟ್ಟೋದು ರೂಢಿ. ಇಲ್ಲಿ ಉಲ್ಟಾ. ಹನ್ನೊಂದು ವರ್ಷ ಚಿಕ್ಕವರು, ಆಗಲೇ ಹೆಸರು ಮಾಡಿದವರು, ಮನೆ-ಸಂಸಾರ ಅಂತ ಇದ್ದ ಹಿರಿಯ ಹೆಂಗಸಿಗೆ "ನೀವು ಬರೀರಿ" ಅಂದ್ರು. ತ್ರಿವೇಣಿ ಹೋದ ವರ್ಷವೂ 1963, 'ತುಂಗಭದ್ರಾ' ಬಂದ ವರ್ಷವೂ 1963. ಕನ್ನಡ ಸಾಹಿತ್ಯ ಚರಿತ್ರೆಯ ನೋಟ್ಸಲ್ಲಿ ಈ ಎರಡೂ ಬೇರೆ ಬೇರೆ ಪುಟದಲ್ಲಿರುತ್ತೆ. ಪಕ್ಕಪಕ್ಕ ಇಟ್ಟು ಓದಿದ್ರೆ ಎದೆ ಝಲ್ ಅನ್ನುತ್ತೆ. ಪರೀಕ್ಷೆಗೆ ಎರಡು ಮಾರ್ಕ್ಸಿಗೆ ಬರಲ್ಲ, ಆದ್ರೂ ನೆನಪಿಟ್ಕೊಳ್ಳಿ. ಆ ಮೊದಲ ಪುಸ್ತಕಕ್ಕೇ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು.

ನನ್ನ ವಾದ ಇಷ್ಟೇ. ಬರೆಯೋ ಹುಮ್ಮಸ್ಸು ಒಳಗಿಂದ ಚಿಮ್ಮೋ ಬುಗ್ಗೆ ಅಂತ ನಾವು ನಂಬಿದೀವಿ. ಹಾಗಾಗಿ ಅದು ಬರದಿದ್ರೆ ನಮ್ಮಲ್ಲೇ ಏನೋ ಕೊರತೆ ಅಂದ್ಕೋತೀವಿ. ನಿಜವಾಗಿ ಕಾದಂಬರಿಕಾರರನ್ನ ಎಬ್ಬಿಸಿ ಕೂರಿಸಿದ್ದು ಹೊರಗಿನ ಎರಡು ಸಂಗತಿ: ಬರೆದದ್ದಕ್ಕೆ ಕಾಯೋ ಇನ್ನೊಬ್ಬ ಮನುಷ್ಯ, ಮತ್ತೆ ಯಾರೂ ಕರೆಯದ ಒಂದಷ್ಟು ಹೊತ್ತು.

4/6
ಈಗ 'ಫಣಿಯಮ್ಮ'. ಓದಿಲ್ಲ ಅಂದ್ರೆ ಈ ಪೋಸ್ಟ್ ಬಿಟ್ಟು ಅದನ್ನೇ ಓದಿ, ನಂಗೇನೂ ಬೇಜಾರಿಲ್ಲ.

ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು. ಏನೂ ಅರಿಯದ ವಯಸ್ಸಲ್ಲಿ ಮದುವೆ, ಅದೇ ವಯಸ್ಸಲ್ಲಿ ಗಂಡ ಹೋದ. ತಲೆ ಬೋಳಿಸಿದ್ರು, ಒಪ್ಪೊತ್ತಿನ ಊಟ, ಮಡಿ. ಹಾಗೇ ನೂರು ವರ್ಷ ದಾಟಿದ ಜೀವ. ಇಂದಿರಾ ಚಿಕ್ಕವರಿದ್ದಾಗ ಈ ಅಜ್ಜಿಯನ್ನ ಕಂಡಿದ್ರು. ಅಜ್ಜಿ ತನ್ನ ಕಥೆಯನ್ನ ಇಂದಿರಾ ಅವರ ತಾಯಿ ಬನಶಂಕರಮ್ಮನವರ ಹತ್ರ ಹೇಳ್ಕೊಂಡಿದ್ರು, ಹಾಗೆ ಅದು ಮಗಳ ಕಿವಿಗೂ ಬಿತ್ತು.

ಅಂದ್ರೆ ಅವರ ಅತಿ ದೊಡ್ಡ ಕಾದಂಬರಿಯ ಸರಕು ಬಾಲ್ಯದಿಂದಲೇ ಮನೆಯಲ್ಲಿತ್ತು. ಆದ್ರೂ ಅವರು ಅದನ್ನ ಮೊದಲು ಬರೀಲಿಲ್ಲ. 1963ರಲ್ಲಿ 'ತುಂಗಭದ್ರಾ', 1965ರಲ್ಲಿ 'ಸದಾನಂದ', 1967ರಲ್ಲಿ 'ನವರತ್ನ'. ಪುಟ್ಟಣ್ಣ ಸಿನಿಮಾ ಮಾಡಿದ 'ಗೆಜ್ಜೆಪೂಜೆ'ಯೂ ಇವರ ಕಾದಂಬರಿಯೇ. 'ಫಣಿಯಮ್ಮ' ಬಂದದ್ದು 1976ರಲ್ಲಿ. ಆಗ ಇಂದಿರಾ ಅವರಿಗೆ 59. ಮೊದಲ ಪುಸ್ತಕ ಆಗಿ 13 ವರ್ಷ, ಕಥೆ ಕೇಳಿ ಎಷ್ಟೋ ದಶಕ.

ಕೈ ಪಳಗೋ ತನಕ ಆ ಕಥೆಯನ್ನ ಹಾಗೇ ಇಟ್ಕೊಂಡಿದ್ರು ಅಂತ ನನ್ನ ಊಹೆ. ಉಪ್ಪಿನಕಾಯಿ ಹೋಲಿಕೆ ಕೊಡೋಣ ಅನ್ಸುತ್ತೆ, ಬೇಡ, ಎಲ್ಲರೂ ಅದನ್ನೇ ಕೊಡ್ತಾರೆ. ಪುಸ್ತಕ ಓದಿದ್ರೆ ನಾನು ಹೇಳ್ತಿರೋದು ಗೊತ್ತಾಗುತ್ತೆ. ಎಲ್ಲೂ ಅಳು ಕರೆಯಲ್ಲ, ಬೈಯಲ್ಲ. ತಲೆ ಬೋಳಿಸ್ಕೊಳ್ಳಲ್ಲ ಅಂತ ಎದುರು ನಿಲ್ಲೋ ದಾಕ್ಷಾಯಣಿ ಅನ್ನೋ ಹುಡುಗಿಯ ಪರ ಈ ಮಡಿ ಅಜ್ಜಿ ಮಾತಾಡ್ತಾಳೆ, ಅದೂ ತಣ್ಣಗೆ. ಹೊಸಬರ ಕೈಲಿ ಈ ಜಾಗ ಭಾಷಣ ಆಗಿಬಿಡ್ತಿತ್ತು. ಪ್ರೇಮಾ ಕಾರಂತರು 1983ರಲ್ಲಿ ಇದನ್ನ ಸಿನಿಮಾ ಮಾಡಿದ್ರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ್ರು.

ಹಾಗಾಗಿ "ನನ್ನ ಹತ್ರ ಒಂದು ದೊಡ್ಡ ಸಬ್ಜೆಕ್ಟ್ ಇದೆ, ಅದನ್ನ ಬರೆಯೋ ಮೂಡ್ ಬರ್ಲಿ ಅಂತ ಕಾಯ್ತಿದೀನಿ" ಅನ್ನೋರಿಗೆ ಒಂದು ಮಾತು. ಕಾಯಿರಿ, ತಪ್ಪಿಲ್ಲ. ಇಂದಿರಾ ಕೂಡ ಕಾದ್ರು. ಕಾಯ್ತಾ ಇರೋವಾಗ ಬೇರೆ ಪುಸ್ತಕ ಬರೆದು ಮುಗಿಸಿದ್ರು.

5/6
ಇಷ್ಟು ಪುಸ್ತಕ ಹೇಗಪ್ಪಾ ಸಾಧ್ಯ ಆಯ್ತು ಅಂದ್ರೆ, ಆ ಕಾಲದ ವ್ಯವಸ್ಥೆ ನೋಡಬೇಕು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಬರ್ತಿತ್ತು. 'ಸುಧಾ' ಶುರುವಾಗಿದ್ದೇ 1965ರಲ್ಲಿ. ಊರೂರಲ್ಲಿ ಬಾಡಿಗೆಗೆ ಕಾದಂಬರಿ ಕೊಡೋ ಲೈಬ್ರರಿಗಳಿದ್ದವು, ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೆದಿಟ್ಟ ಮೇಲೆ ಓದೋ ಸಾವಿರಾರು ಹೆಂಗಸರಿದ್ರು. ಮುಂದಿನ ವಾರ ಏನಾಗುತ್ತೆ ಅಂತ ಪಕ್ಕದ ಮನೆಯವರನ್ನ ಕೇಳ್ತಿದ್ರು. ನಿಮ್ಮ ಅಜ್ಜಿಯರನ್ನ ಕೇಳಿ, ಹಿಂದಿನ ಕಂತು ಕತ್ತರಿಸಿ ದಾರ ಹಾಕಿ ಹೊಲಿದಿಟ್ಟ ಕಟ್ಟು ಕೆಲವು ಮನೆಗಳ ಅಟ್ಟದಲ್ಲಿ ಈಗಲೂ ಸಿಗುತ್ತೆ. ಬರೆಯೋರಿಗೆ ಇದಕ್ಕಿಂತ ಮೋಟಿವೇಶನ್ ಬೇಕಾ? ಕಂತು ಕೊಡದಿದ್ರೆ ಸಂಪಾದಕರು ಬಿಡಲ್ಲ, ಓದುಗರೂ ಬಿಡಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಲೂ ಎಲ್ಲರ ಸ್ಟೋರಿಯಲ್ಲಿ ಇದೇ ಹಳದಿ ಅಕ್ಷರ. ಅವರು ಕಾದಂಬರಿಗಿಂತ ಕಥೆಯಿಂದ ಹೆಸರಾದವರು, ಆದ್ರೂ ಹೇಳ್ತೀನಿ. ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ನಲ್ಲಿರೋ ಹನ್ನೆರಡು ಕಥೆಗಳನ್ನ ಅವರು 1990ರಿಂದ 2023ರವರೆಗೆ ಬರೆದದ್ದು. ಮತ್ತೆ 33 ವರ್ಷ, ಕಾಕತಾಳೀಯ. ವಕೀಲಿಕೆ ಮಾಡ್ಕೊಂಡು ಬರೆದ್ರು. ಅದಕ್ಕೂ ಹಿಂದೆ 'ಲಂಕೇಶ್ ಪತ್ರಿಕೆ'ಗೆ ವರದಿ ಮಾಡ್ತಿದ್ರು, ಬಂಡಾಯದ ಗೆಳೆಯರ ಬಳಗ ಇತ್ತು. ಅಲ್ಲೂ ನೋಡಿ, ಕಾಯೋ ಜನ ಇದ್ರು.

ನಮಗೆ ಲೈಕ್ ಇದೆ. ಹಾಕಿದ ಹತ್ತು ನಿಮಿಷಕ್ಕೆ ನಲವತ್ತು ಹಾರ್ಟ್ ಬರುತ್ತೆ. ಬೈತಿಲ್ಲ, ನಾನೂ ರಿಫ್ರೆಶ್ ಮಾಡೋಳೇ. ಆದ್ರೆ ಲೈಕ್ ಕೊಟ್ಟೋರು ಯಾರೂ "ಆಮೇಲೆ ಏನಾಯ್ತು?" ಅಂತ ಕೇಳಲ್ಲ. ಆ ಪ್ರಶ್ನೆ ಕೇಳೋ ಒಬ್ಬರು ಇಲ್ಲದೇ ಇನ್ನೂರು ಪುಟ ಬರೆಯೋದು ಭಾರೀ ಕಷ್ಟ.

6/6
ಈಗ ಯಾಕೆ ಇಷ್ಟು ಕೋಪ ಅಂತ ಹೇಳ್ತೀನಿ.

"ಇನ್ನೂ ಲೇಟಾಗಿಲ್ಲ" ಅನ್ನೋ ಮಾತು ಐವತ್ತರ ಹೆಂಗಸಿಗೆ ಹೇಳಿದ್ರೆ ಧೈರ್ಯ. ಇಪ್ಪತ್ತರ ಹುಡುಗಿಗೆ ಹೇಳಿದ್ರೆ ಅದೇ ಮಾತು ಬಾಗಿಲು ಹಾಕುತ್ತೆ. ನಿಮ್ಮೆಲ್ಲರ ಕ್ಲಾಸಲ್ಲೂ ಒಬ್ಬಳು ಇರ್ತಾಳೆ, ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಥೆ ಬರೆಯೋಳು. ಫೈನಲ್ ಇಯರ್‌ನಲ್ಲಿ ಗಂಡಿನ ಕಡೆಯೋರು ಬಂದು ನೋಡ್ಕೊಂಡು ಹೋಗ್ತಾರೆ. ಮನೇಲಿ ಏನಂತಾರೆ? "ಬರೀಬೇಡ ಅಂತ ಯಾರು ಅಂದ್ರಮ್ಮಾ? ಮದುವೆ ಆಗ್ಲಿ, ಮಕ್ಕಳು ದೊಡ್ಡವರಾಗ್ಲಿ, ಆಮೇಲೆ ಆರಾಮಾಗಿ ಬರಿ. ಇಂದಿರಾ ಬರೀಲಿಲ್ವಾ?"

ಬರೆದ್ರು. ಎಷ್ಟು ಇಂದಿರಾಗಳು ಬರೀಲಿಲ್ಲ ಅನ್ನೋ ಲೆಕ್ಕ ಯಾರ ಹತ್ರನೂ ಇಲ್ಲ. ಹನ್ನೆರಡಕ್ಕೆ ಮದುವೆಯಾದ, ಕಥೆ ಕೇಳೋ ಕಿವಿ ಇದ್ದ, ತ್ರಿವೇಣಿ ಸಿಗದ ಹೆಂಗಸರ ಹೆಸರು ಯಾವ ಲೈಬ್ರರಿಯ ಕಪಾಟಲ್ಲೂ ಸಿಗಲ್ಲ. ದಾಟಿ ಬಂದ ಒಬ್ಬರನ್ನ ತೋರಿಸಿ "ಹೊಳೆ ಆಳ ಇಲ್ಲ" ಅಂದ್ರೆ ಹೇಗೆ?

ಹುಡುಗರೇ, ನಿಮಗೂ ಇದೆ. ನಿಮಗೆ "ಮೊದಲು ಕೆಲಸ, ಆಮೇಲೆ ಸಾಹಿತ್ಯ" ಅಂತಾರೆ, ಗೊತ್ತು. ಅದೂ ಕಷ್ಟವೇ. ಆದ್ರೆ ರಾತ್ರಿ ಹತ್ತಕ್ಕೆ ರೂಮಿನ ಬಾಗಿಲು ಹಾಕಿ ಕೂತ್ರೆ ನಿಮ್ಮನ್ನ ಯಾರೂ ಕುಕ್ಕರ್ ನೋಡು ಅಂತ ಎಬ್ಬಿಸಲ್ಲ. ನಿಮ್ಮ ಅಕ್ಕ-ತಂಗೀನ ಎಬ್ಬಿಸ್ತಾರೆ. ಮುಂದಿನ ಸಲ ನೀವೇ ಎದ್ದು ಹೋಗಿ ಸ್ಟವ್ ಆಫ್ ಮಾಡಿ, ಅವಳು ಒಂದು ಪುಟ ಜಾಸ್ತಿ ಬರೀತಾಳೆ.

ಇನ್ನು ಮೋಟಿವೇಶನ್ ಕೇಳಿ ಮೆಸೇಜ್ ಮಾಡಿದ ಎಲ್ಲರಿಗೂ. ಗುರುವಾರ ಮಧ್ಯಾಹ್ನ ಕೊನೇ ಎರಡು ಪೀರಿಯಡ್ ಫ್ರೀ ಇದೆ. ಲೈಬ್ರರಿ ಹಿಂದಿನ ಹೊಂಗೆ ಮರದ ಕಟ್ಟೆಗೆ ಬನ್ನಿ. ಎರಡು ಪುಟ ಬರ್ಕೊಂಡು ಬರಬೇಕು, ಕೈಬರಹ ಆದ್ರೂ ಸರಿ, ಫೋನಲ್ಲಾದ್ರೂ ಸರಿ. ನಿಮ್ಮ ಎರಡು ಪುಟ ಇನ್ನೊಬ್ಬರ ಕೈಗೆ, ಅವರದ್ದು ನಿಮ್ಮ ಕೈಗೆ. ಓದಿದವರು "ಸೂಪರ್" ಅನ್ನಂಗಿಲ್ಲ. "ಆಮೇಲೆ ಏನಾಯ್ತು?" ಅಂತ ಕೇಳಬೇಕು, ಬರೆದವರು ಅದನ್ನ ಮುಂದಿನ ಗುರುವಾರಕ್ಕೆ ತರಬೇಕು. ಬೇರೆ ಊರಲ್ಲಿರೋರು ಕಾಮೆಂಟಲ್ಲಿ ಊರಿನ ಹೆಸರು ಹಾಕಿ, ಅದೇ ಊರಿನ ಇನ್ನೊಬ್ಬರ ಜೊತೆ ಜೋಡಿ ಮಾಡಿ ಕೊಡ್ತೀನಿ.

ಫೋಟೊ ತೆಗೆದು ಸ್ಟೋರಿಗೆ ಹಾಕೋ ಹಾಗಿಲ್ಲ. ಬಿಸ್ಕೆಟ್ ನಾನು ತರ್ತೀನಿ, ಟೀ ನಿಮ್ದು.

#ಎಂಕೆಇಂದಿರಾ #ತ್ರಿವೇಣಿ #ಫಣಿಯಮ್ಮ #ಕನ್ನಡಕಾದಂಬರಿ #ಆಮೇಲೇನಾಯ್ತು